ಏಳು ಗುಡ್ಡದಾಚೆಯ ಮನಿ

ಏಳು ಗುಡ್ಡ ದಾಟಿದರೆ ಒಂದು ರಾಜ್ಯ ಇತ್ತಂತೆ. ಅಲ್ಲಿಯ ರಾಜನಿಗೆ ಒಬ್ಬಳೇ ಮಗಳಂತೆ. ಆಕೆಯನ್ನು ಕೇಳಿಕೊಂಡು ಆನೆ ಮೇಲೆ ಬಂದವರು, ಕುದುರೆ ಮೇಲೆ ಬಂದವರು ಸಾಲುಗಟ್ಟಿ ನಿಂತರಂತೆ. ಆಕೆ ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ನನಗೊಂದು ಮನಿ ಕಟ್ಟಿಕೊಡ್ರಿ. ರೊಟ್ಟಿ ಬಡಿಯುವಾಗ ಎದುರಿಗೆ ಸೂರ್ಯ ಹುಟ್ಟಬೇಕು. ದೀಪ ಹಚ್ಚುವಾಗ ಅಂಗಳದಾಗ ಸೂರ್ಯ ಮುಳುಗಬೇಕು. ಮಲಗಿದರೆ ಕುರಿ ಕೊರಳಿನ ಗಂಟೆ ಕೇಳಬೇಕು."

ಆನೆಯವರು ನಕ್ಕು ಹೋದರಂತೆ. ಕುದುರೆಯವರು ಸಿಟ್ಟಾಗಿ ಹೋದರಂತೆ. ಕೊನೆಗೆ ಉಳಿದವನು ಕುರಿ ಕಾಯುವ ಹುಡುಗ. ಹೆಗಲ ಮೇಲಿನ ಕಂಬಳಿ ಸರಿ ಮಾಡಿಕೊಂಡು "ಹ್ಞೂಂ" ಅಂದನಂತೆ.

"ಆಮೇಲೆ ಅಜ್ಜಿ?"

"ಆಮೇಲೇನು? ಕಟ್ಟಾಕ ಹೋದ. ಇನ್ನೂ ಕಟ್ಟಾಕತ್ಯಾನ. ಮಲ್ಕ."

ನನ್ನ ಅಜ್ಜಿ ದ್ಯಾಮಕ್ಕನ ಕಥೆಗಳೆಲ್ಲ ಹೀಗೇ. ಕೇಳುವವರು ಹ್ಞೂಂ ಅನ್ನುತ್ತಿರಬೇಕು, ಇಲ್ಲದಿದ್ದರೆ ಕಥೆ ದಾರಿ ತಪ್ಪಿಸಿಕೊಳ್ಳುತ್ತದೆ ಅನ್ನುತ್ತಾಳೆ. ನಾನು ಹ್ಞೂಂ ಅಂದು ಅಂದು ಟೀಚರ್ ಆದೆ. ಹರಪನಹಳ್ಳಿಯ ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಕನ್ನಡ ಕಲಿಸುತ್ತೇನೆ. ಆ ಹುಡುಗ ಮಾತ್ರ ಇನ್ನೂ ಮನೆ ಕಟ್ಟುತ್ತಲೇ ಇದ್ದ.

ಅವನು ದಿನಾ ನನ್ನ ಬಸ್ಸಿನಲ್ಲೇ ಬರುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ.

*

ನಮ್ಮೂರು ಅರಸೀಕೆರೆ, ಹರಪನಹಳ್ಳಿ ತಾಲ್ಲೂಕಿನದೇ. ಅಲ್ಲಿಂದ ಹರಪನಹಳ್ಳಿಗೆ ಹೋಗುವ ಬೆಳಗಿನ ಬಸ್ಸು. ಕಿಟಕಿ ಪಕ್ಕ ನಾನು, ನನ್ನ ಪಕ್ಕ ದಿನಾ ಪೇಟೆಗೆ ಮೆಣಸಿನಕಾಯಿ ಚೀಲ ಒಯ್ಯುವ ನಮ್ಮೂರ ಎರ್ರಮ್ಮ. ಹಿಂದಿನ ಸೀಟಿನಿಂದ ಒಂದು ಗಂಡು ದನಿ ಗೋಳಾಡಿತು.

"ಅಯ್ಯೋ, ಹೋತಲ್ಲಪ್ಪೋ! ಕರೇ ಕುರಿನೂ ತೋಳ ತಿಂತು!"

ಕುರಿ ಇರುವ ಮನೆಯವರು ಈ ಮಾತು ಕೇಳಿ ಸುಮ್ಮನೆ ಕೂರಲಾರರು. ಎರ್ರಮ್ಮ ಪಟ್ಟನೆ ತಿರುಗಿದಳು. "ಎಷ್ಟು ಹೋದ್ವು ತಮ್ಮಾ?"

"ಐದ್ರಾಗ ಮೂರು ಹೋದ್ವು ಅಮ್ಮಾ."

"ಶಿವನೇ! ನಾಯಿ ಇರ್ಲಿಲ್ಲೇನು?"

"ನಾಯಿ ಇನ್ನೂ ಪಳಗಿಲ್ಲ. ಎಲುಬು ಹಾಕಬೇಕು."

ನನಗೂ ತಡೆಯಲಿಲ್ಲ. "ಯಾವ ಕಡಿ ರೀ? ನಮ್ಮ ಕುರಿನೂ ಹೊರಗ ಮೇಯಾಕ ಹೋಗ್ಯಾವು. ಫಾರೆಸ್ಟಿನೋರಿಗೆ ಫೋನ್ ಮಾಡಿದ್ರೇನು?"

ಅವನು ತಲೆ ಎತ್ತಿದ. ಮೊದಲು ನನ್ನನ್ನು ನೋಡಿದ, ಆಮೇಲೆ ಎರ್ರಮ್ಮನನ್ನು, ಆಮೇಲೆ ತನ್ನ ಕಡೆಗೇ ಕತ್ತು ಹೊರಳಿಸಿದ್ದ ಅರ್ಧ ಬಸ್ಸನ್ನು. ಅವನ ಕಿವಿಗಳು ಮೆಲ್ಲಗೆ ಕೆಂಪಾದವು. ಕಿವಿ ಕೆಂಪಾಗುವ ಗಂಡಸನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಫೋನ್ ತಿರುಗಿಸಿ ತೋರಿಸಿದ.

ಪರದೆಯ ಮೇಲೆ ಒಂದು ಆಟ. ಹಸಿರು ಬಯಲು. ಅದರ ತುಂಬ ಚೌಕ ಚೌಕ ಕಲ್ಲು, ಚೌಕ ಚೌಕ ಮರ. ನಡುವೆ ಪೆಟ್ಟಿಗೆಗೆ ಕಾಲು ಹಚ್ಚಿದ ಹಾಗೆ ಎರಡು ಕುರಿ.

ಎರ್ರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಇವೇನು ತಮ್ಮಾ, ಕುರಿನಾ ಸಾಬೂನಾ?"

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಜಂಬಯ್ಯ ಎರಡು ದಿನ ಅವನಿಗೆ "ಸಾಬೂನಿಗೂ ಟಿಕೆಟ್ ಕೊಡ್ಲೇನಪ್ಪಾ?" ಅಂತ ಕೇಳಿದ. ಮೂರನೇ ದಿನ ಹಿಂದಿನ ಸೀಟಿನಿಂದ ಪಿಸುದನಿ ಬಂತು. "ಟೀಚರ್, ಒಂದು ಕುರಿ ವಾಪಸ್ ಸಿಕ್ತು ರೀ. ಗುಡ್ಡದ ಹಿಂದ ಮೇಯ್ತಿತ್ತು."

ನಗಬಾರದು ಅಂದುಕೊಂಡಿದ್ದೆ. ನಕ್ಕುಬಿಟ್ಟೆ.

*

ಹೆಸರು ಬೀರಲಿಂಗೇಶ್. ಊರಾಚೆಯ ಹಟ್ಟಿಯವನು. ಅವರ ಮನೆಯಲ್ಲೂ ಕುರಿ. ಇವನು ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಗೋಡೌನ್ ಮುಂದಿನ ವೇಬ್ರಿಡ್ಜಿನಲ್ಲಿ ಕೂರುತ್ತಾನೆ. ಲಾರಿ ತೂಗುವುದು ಅವನ ಕೆಲಸ.

"ಈ ಆಟದಾಗ ಗೆಲ್ಲೋದು ಹೆಂಗ?" ಒಂದು ದಿನ ಕೇಳಿದೆ.

"ಗೆಲ್ಲಾಕ ಬರಂಗಿಲ್ಲ ರೀ."

"ಮತ್ತ ಸೋಲೋದು?"

"ಅದೂ ಇಲ್ಲ. ಸತ್ರೂ ಮತ್ತೆ ಎದ್ದು ಬರ್ತೀವಿ."

"ಗೆಲ್ಲಂಗಿಲ್ಲ, ಸೋಲಂಗಿಲ್ಲ, ಮುಗಿಯಂಗಿಲ್ಲ. ಮತ್ಯಾಕ ಆಡ್ತೀರಿ ಇದನ್ನ?"

ಅವನು ಕಿಟಕಿಯಾಚೆಯ ಹಳ್ಳದ ಕಡೆ ಕೈ ತೋರಿಸಿದ. "ನೀವು ಸಣ್ಣೋರಿದ್ದಾಗ ಹಳ್ಳದ ಉಸುಕಿನಾಗ ಕಾಲಿಟ್ಟು, ಮ್ಯಾಲೆ ಉಸುಕು ಬಡದು, ಮೆಲ್ಲಕ ಕಾಲು ತೆಗೆದು ಗುಬ್ಬಿ ಮನಿ ಮಾಡಿಲ್ಲೇನು?"

"ಮಾಡೀನಿ."

"ಅದರಾಗ ಯಾರು ಗೆದ್ರು?"

ಅವನೇ ಮುಂದುವರಿಸಿದ.

"ದಿನಾ ಪೂರ್ತಿ ತೂಕಾನೇ ನೋಡ್ತೀನಿ ರೀ ಟೀಚರ್. ಲಾರಿ ಒಳಗ ಬರ್ತೈತಿ, ತೂಕ. ಹೊರಗ ಹೋಗ್ತೈತಿ, ತೂಕ. ಮನಿಗೆ ಹೋದ್ರ ಸಂಬಂಧಿಕರು ನನ್ನನ್ನೂ ತೂಗ್ತಾರ: ಓದು ಎಷ್ಟು, ಹೊಲ ಎಷ್ಟು. ಇದರಾಗ ಹೋದ್ರ ಯಾರೂ ತೂಗಂಗಿಲ್ಲ. ಒಂದು ಗುಡ್ಡ ಕೊಡ್ತಾರ, ಕೈಗೆ ಒಂದು ಗುದ್ದಲಿ ಕೊಡ್ತಾರ. ಏನರ ಮಾಡ್ಕೋ ಅಂತಾರ. ಬೇಕಾದ್ರ ದಿನವೆಲ್ಲ ಹೂವು ನೋಡ್ಕೊಂತ ಕುಂತ್ರೂ ಕೇಳೋರಿಲ್ಲ."

ಹೇಳುವಾಗ ಅವನ ಕೈ ತಾನಾಗಿ ಅಗಲವಾಗುತ್ತಿತ್ತು, ಗುಡ್ಡವನ್ನೇ ಎತ್ತಿ ತೋರಿಸುವವನ ಹಾಗೆ. ಸರ್ಕಾರಿ ಕೆಲಸಕ್ಕೆ ನಾನು ಬರೆದ ಪರೀಕ್ಷೆಗಳು ನೆನಪಾದವು, ಒಂದೆರಡು ಮಾರ್ಕಿನಲ್ಲಿ ಕೈ ತಪ್ಪಿದವು. ಏನಾದರೂ ಮಾಡಿಕೋ ಅಂತ ನನಗೆ ಯಾರೂ ಒಂದು ಗುಡ್ಡ ಕೊಟ್ಟಿರಲಿಲ್ಲ.

"ನನಗೂ ಹಾಕಿಕೊಡ್ರಿ," ಅಂದೆ.

ಅವನು ಹಾಟ್‌ಸ್ಪಾಟ್ ಆನ್ ಮಾಡಿದ. ಅವನ ಗುಡ್ಡದ ಮೇಲೆ ನಾನು ದೊಪ್ಪನೆ ಇಳಿದೆ. ಇಳಿದ ಗಳಿಗೆಯಲ್ಲೇ ಬಾವಿಗೆ ಬಿದ್ದೆ.

"ಟೀಚರ್, ಎಲ್ಲಿದ್ದೀರಿ?"

"ನೀರಾಗ!"

"ಮ್ಯಾಲೆ ಬರೋ ಬಟನ್ ಒತ್ರಿ. ಒತ್ತಿ ಹಿಡೀರಿ. ಬಂದೆ, ಬಂದೆ, ಬಂದೆ."

ಹಿಂದಿನ ಸೀಟಿನಲ್ಲಿ ಕೂತೇ ಅವನು ಓಡಿ ಬಂದ. ಎರ್ರಮ್ಮ ನನ್ನನ್ನು ನೋಡಿದಳು, ಅವನನ್ನು ನೋಡಿದಳು, ತಣ್ಣಗೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಮಾರನೇ ದಿನ ಅವನೇ ಕೇಳಿದ. "ಗುರಿ ಇಲ್ಲ, ಗುರಿ ಇಲ್ಲ ಅಂತ ಬೈತೀರಲ್ಲ. ನೀವೇ ಒಂದು ಕೆಲಸ ಹೇಳ್ರಿ, ಮಾಡ್ತೀನಿ."

ನನ್ನ ನಾಲಿಗೆ ಮೇಲೆ ಅಜ್ಜಿ ಕೂತಿದ್ದಳೇನೋ. "ಒಂದು ಮನಿ ಕಟ್ರಿ. ರೊಟ್ಟಿ ಬಡಿಯುವಾಗ ಎದುರಿಗೆ ಸೂರ್ಯ ಹುಟ್ಟಬೇಕು. ದೀಪ ಹಚ್ಚುವಾಗ ಅಂಗಳದಾಗ ಮುಳುಗಬೇಕು. ಮಲಗಿದ್ರ ಕುರಿ ಗಂಟೆ ಕೇಳಬೇಕು."

ಅವನು ನಗಲಿಲ್ಲ. ಸಿಟ್ಟೂ ಆಗಲಿಲ್ಲ.

"ಹ್ಞೂಂ," ಅಂದ.

ನನ್ನ ಕೈ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬಸ್ಸು ನೇರ ರಸ್ತೆಯಲ್ಲೇ ಇತ್ತು.

*

ಆ ಸುಗ್ಗಿ ಕಾಲವೆಲ್ಲ ನಾವು ಮನೆ ಕಟ್ಟಿದೆವು. ಅವನು ಗೋಡೆ ಎಬ್ಬಿಸುತ್ತಿದ್ದ, ನಾನು ಕೆಡವುತ್ತಿದ್ದೆ.

"ಅಡಿಗಿಮನಿ ಕಿಟಕಿ ಸಣ್ಣದಾತು."

"ಸೂರ್ಯ ಹಿಡಸ್ತಾನ ರೀ."

"ಸೂರ್ಯ ಹಿಡಸ್ತಾನ, ನಾ ಹಿಡಸಂಗಿಲ್ಲ. ದೊಡ್ಡದು ಮಾಡ್ರಿ."

ಅವನು ಮಾಡುತ್ತಿದ್ದ. ನಾನು ಫೋನ್ ನೋಡುತ್ತಿದ್ದೇನೆ ಅಂದುಕೊಂಡು ಅವನು ನನ್ನ ಜಡೆಯ ಕನಕಾಂಬರವನ್ನು ನೋಡುತ್ತಿದ್ದ. ಅವನು ನೋಡುವುದು ನನಗೆ ಕಿಟಕಿಯ ಗಾಜಿನಲ್ಲಿ ಕಾಣುತ್ತಿತ್ತು. ನಾನು ಗಾಜು ನೋಡುವುದು ಅವನಿಗೂ ಗೊತ್ತಿತ್ತೇನೋ. ಇಬ್ಬರೂ ಆ ಮಾತು ಎತ್ತಲಿಲ್ಲ. ಒಂದು ಬೆಳಿಗ್ಗೆ ನಾನು ಹೂವು ಮುಡಿಯದೆ ಹೋದೆ. ಹರಪನಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಫೋನಿನೊಳಗಿನ ಅಂಗಳದ ತುಂಬ ಅವನು ಹೂವಿನ ಗಿಡ ನೆಟ್ಟಿದ್ದ. ಕೇಸರಿ ಬಣ್ಣದವೇ.

ಕುರಿ ದೊಡ್ಡಿಗೆ ಒಂದು ಗಂಟೆ ತೂಗು ಹಾಕಿದ. ಬಾರಿಸಿದರೆ ನಿಜಕ್ಕೂ ದನಿ ಬರುತ್ತಿತ್ತು. ಆ ದನಿ ಕಿವಿಯಲ್ಲಿ ಹೊತ್ತುಕೊಂಡೇ ನಾನು ಮಕ್ಕಳಿಗೆ ಒತ್ತಕ್ಷರ ಕಲಿಸಿದೆ.

ಇನ್ನು ಬಾಗಿಲೊಂದೇ ಬಾಕಿ ಅನ್ನುವಾಗ ನಮ್ಮ ಮನೆಗೆ ಸುದ್ದಿ ಬಂತು. ಹಗರಿಬೊಮ್ಮನಹಳ್ಳಿಯವರು, ಹುಡುಗನಿಗೆ ಸರ್ಕಾರಿ ಆಫೀಸಿನಲ್ಲಿ ಕೆಲಸ, ಭಾನುವಾರ ಹೆಣ್ಣು ನೋಡಲು ಬರುತ್ತಾರೆ. ಅಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಬುಧವಾರ ಬಸ್ಸಿನಲ್ಲಿ ಮುಂದೆ ನೋಡಿಕೊಂಡೇ ಹೇಳಿದೆ. "ಭಾನುವಾರ ನನ್ನ ನೋಡಾಕ ಬರ್ತಾರಂತ."

ಆಟದೊಳಗೆ ಅವನ ಗೊಂಬೆ ಅಂಗಳದಲ್ಲಿ ನಿಂತಲ್ಲೇ ನಿಂತಿತ್ತು.

"ಒಳ್ಳೆ ಮನೆತನ ಏನು ರೀ?"

"ಹ್ಞೂಂ ಅಂತಾರ."

ಗುರುವಾರ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಮೊದಲು ಅವನು ನನ್ನ ಫೋನ್ ಕೇಳಿ ಇಸಿದುಕೊಂಡ. ನಾವು ಕಟ್ಟಿದ ಆ ಇಡೀ ಲೋಕವನ್ನು ತನ್ನ ಫೋನಿನಿಂದ ನನ್ನದಕ್ಕೆ ಕಳಿಸಿದ. "ಮನಿಗೆ ಹೋಗಿ ನಿಧಾನಕ ನೋಡ್ರಿ," ಅಂದ. ಕಣ್ಣು ಎತ್ತಲಿಲ್ಲ. ಇಳಿದು ಹೋದ.

ಸಂಜೆ ಹಿತ್ತಲಲ್ಲಿ ಕೂತು ತೆರೆದೆ. ಗುಡ್ಡದ ಮೇಲೆ ಮನೆ. ಕಿಟಕಿಗಳಲ್ಲಿ ಬೆಳಕು. ಅಂಗಳದಲ್ಲಿ ಹೂವು. ಬಾಗಿಲು ಇರಬೇಕಾದ ಜಾಗಕ್ಕೆ ಅಡ್ಡಲಾಗಿ ಒಣ ಮುಳ್ಳು.

ನಮ್ಮ ಕಡೆ ಮನೆ ಬಿಟ್ಟು ಹೋಗುವವರು ಬಾಗಿಲಿಗೆ ಮುಳ್ಳು ಹಚ್ಚಿ ಹೋಗುತ್ತಾರೆ. ಇಲ್ಲಿ ಇನ್ನು ಯಾರೂ ಇರುವುದಿಲ್ಲ, ಬರಬೇಡಿ ಅಂತ ಅದರ ಅರ್ಥ.

ಶುಕ್ರವಾರ ಬಸ್ಸಿನಲ್ಲಿ ಹಿಂದಿನ ಸೀಟು ಖಾಲಿ. ಅವನ ನಂಬರ್ ನನ್ನ ಹತ್ತಿರ ಇರಲಿಲ್ಲ. ಹಾಟ್‌ಸ್ಪಾಟಿನಲ್ಲೇ ಆಡಿದವರು, ನಂಬರ್ ಯಾಕೆ ಬೇಕಿತ್ತು? ಜಂಬಯ್ಯ ಖಾಲಿ ಸೀಟು ನೋಡಿ ಏನೋ ತಮಾಷೆ ಮಾಡಲು ಬಾಯಿ ತೆರೆದ. ನನ್ನ ಮುಖ ಕಂಡು ಸುಮ್ಮನೆ ಟಿಕೆಟ್ ಹರಿದ.

ಸಂಜೆ ಅಪ್ಪನಿಗೆ ಹೇಳಿದೆ. "ಬರ್ಲಿ ಬಿಡಪ್ಪಾ, ಭಾನುವಾರ."

*

ಶನಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ಅಜ್ಜಿಯೂ ನಾನೂ ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದೆವು. ಅಜ್ಜಿಯ ಕೈ ನಿಲ್ಲದೆ ಆಡುತ್ತಿತ್ತು. ಕಣ್ಣು ನನ್ನ ಮೇಲಿತ್ತು.

"ಶಾಂತಿ, ಆ ಹಟ್ಟಿ ಹುಡುಗ ಏನಾದ?"

"ಯಾವ ಹುಡುಗ?"

"ಮೊದ್ಲು ದಿನಾ ಬೀರಲಿಂಗೇಶ್ ಹಂಗಂದ, ಬೀರಲಿಂಗೇಶ್ ಹಿಂಗಂದ ಅಂತ ಕಿವಿ ತೂತು ಮಾಡ್ತಿದ್ದಿ. ಆಮ್ಯಾಲೆ ಹೆಸರು ಬಿಟ್ಟಿ. 'ಅವ್ರು' ಅನ್ನಾಕ ಹತ್ತಿದಿ. ನಾನೂ ನಿಮ್ಮ ಅಜ್ಜನ ಹೆಸರು ಹೇಳಿಲ್ಲ ನೋಡು, ಇವತ್ತಿನ ತನಕ."

ನನ್ನ ಕೈಯ ತೆನೆ ಜಾರಿತು. ಅದರ ಹಿಂದೆ ಕಣ್ಣೀರೂ ಜಾರಿತು. ಎಲ್ಲ ಹೇಳಿದೆ. ಆಟ, ಗುಡ್ಡ, ಆಕೆಯದೇ ಕಥೆಯ ಮನೆ, ಮುಳ್ಳು. ಅಜ್ಜಿ ಫೋನ್ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದಳು.

"ಇದೇನು, ಹೂವು?"

"ಹ್ಞೂಂ."

"ಇದು ದೀಪೇನು, ಒಳಗ?"

"ಹ್ಞೂಂ."

"ಮುಳ್ಳಿನ ಹಿಂದ ಬಾಗಿಲು ಐತೇನು?"

"ಇಲ್ಲಜ್ಜಿ. ಬಾಗಿಲಾ ಇಲ್ಲ. ಮುಳ್ಳಷ್ಟೇ."

ಅಜ್ಜಿ ಫೋನ್ ಕೆಳಗಿಟ್ಟು ಹಣೆ ಬಡಿದುಕೊಂಡಳು. "ಇಂಥಾಕಿನ್ನ ಟೀಚರ್ ಮಾಡ್ಯಾರ! ಲೇ ಹುಚ್ಚಿ, ಬಿಟ್ಟು ಹೋದ ಮನಿಗೆ ಬಾಗಿಲು ಇರ್ತೈತಿ, ಕೀಲಿ ಇರ್ತೈತಿ, ಅದರ ಮ್ಯಾಲೆ ಮುಳ್ಳು. ದೀಪ ಹಚ್ಚಿಟ್ಟು ಯಾರರ ಮನಿ ಬಿಡ್ತಾರೇನು? ಇದು ಕಟ್ಟಾಕ ಹತ್ತಿದ ಮನಿ. ನಿಮ್ಮಪ್ಪ ಈ ಮನಿ ಕಟ್ಟುವಾಗ ಬಾಗಿಲು ನಿಲ್ಲಿಸೋ ತನಕ ಏನ್ ಹಚ್ಚಿದ್ದ?"

"ಜಾಲಿ ಮುಳ್ಳು," ಅಂದೆ.

"ಯಾಕ?"

"ನಾಯಿ ನರಿ ಒಳಗ ಹೋಗಬಾರ್ದು ಅಂತ."

"ಬಾಗಿಲು ಯಾವಾಗ ನಿಲ್ಲಿಸಿದ್ರು?"

"ಅವ್ವ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿದ ಮ್ಯಾಲೆ..."

"ಆ ಮನಿಗೆ ಬಾಳಾಕ ಬರೋ ಹೆಣ್ಮಗಳು ಹಚ್ಚಬೇಕು. ಅದು ಗೊತ್ತಿದ್ದೇ ಆ ಹುಡುಗ ಎಲ್ಲಾ ಮುಗಿಸಿ ಅದೊಂದು ಬಿಟ್ಟಾನ. ನೀ ನೋಡಿದ್ರ ಹಗರಿಬೊಮ್ಮನಹಳ್ಳಿಯೋರಿಗೆ ಚಾ ಕಾಸಾಕ ರೆಡಿ ಆಗೀದಿ."

ಕಟ್ಟಿದ್ದ ಉಸಿರು ಎದೆಯಿಂದ ಹೊರಗೆ ಬಂತು. ಬಂದ ಉಸಿರೇ ನಗೆಯಾಯಿತು, ನಗೆಯೇ ಮತ್ತೆ ಅಳುವಾಯಿತು. ಅಜ್ಜಿ ತನ್ನ ಸೆರಗಿನಿಂದ ನನ್ನ ಮೂಗು ಒರೆಸಿದಳು, ಮೂರನೇ ಕ್ಲಾಸಿನ ಹುಡುಗಿಗೆ ಒರೆಸಿದ ಹಾಗೆ.

ಅಷ್ಟರಲ್ಲಿ ಅಪ್ಪ ಬಂದ.

"ಅಪ್ಪಾ, ನಾಳೆ ಅವರು ಬರೋದು ಬ್ಯಾಡ."

"ಯಾಕ? ನಿನ್ನೆ ಹ್ಞೂಂ ಅಂದಿ?"

ಅಜ್ಜಿ ನಡುವೆ ಬಾಯಿ ಹಾಕಿದಳು. "ಆಕೀಗೆ ಬ್ಯಾರೆ ಕಡಿ ಮನಿ ಏಳಾಕತ್ತೈತಿ."

"ಎಲ್ಲಿ?"

"ಫೋನಿನಾಗ."

ಅಪ್ಪ ಇಬ್ಬರ ಮುಖವನ್ನೂ ನೋಡಿದ. "ಸೈಟ್ ಯಾರ ಹೆಸರಿಗೈತಿ?"

ವಿಷಯ ತಿಳಿಯಲು ಅವನಿಗೆ ಒಂದು ಚೊಂಬು ನೀರು ಬೇಕಾಯಿತು. ಹುಡುಗ ಯಾರ ಮಗ ಅಂತ ಕೇಳಿದ. ಅವರಜ್ಜ ಎರ್ರೆಪ್ಪ, ಬೀರಪ್ಪನ ಗುಡಿಯಲ್ಲಿ ಡೊಳ್ಳು ಹೊಡೆಯುತ್ತಿದ್ದವನು, ನಮ್ಮ ಕುರಿಯೂ ಅವರ ಕುರಿಯೂ ಜೊತೆಗೇ ಹೋಗುತ್ತಿದ್ದವು ಅಂತ ಅಜ್ಜಿ ಬಿಡಿಸಿ ಹೇಳಿದಳು. ಅಪ್ಪ ಕೊನೆಗೆ ನನ್ನ ಕಡೆ ತಿರುಗಿದ.

"ಬಾಯಿಬಿಟ್ಟು ಕೇಳ್ಯಾನೇನು ಅವನು?"

"ಇಲ್ಲ."

"ಸೋಮವಾರ ಬಸ್ಸಿಗೆ ಬರ್ತಾನೇನು?"

"ಗೊತ್ತಿಲ್ಲ."

"ಬರದಿದ್ರ?"

ಅಜ್ಜಿಯೂ ಈ ಸಲ ಹ್ಞೂಂ ಅನ್ನಲಿಲ್ಲ. ನಾನೇ ಹೇಳಬೇಕಿತ್ತು. "ಬರದಿದ್ರೂ ಹಗರಿಬೊಮ್ಮನಹಳ್ಳಿಯೋರಿಗೆ ನಾ ಮೋಸ ಮಾಡಂಗಿಲ್ಲಪ್ಪಾ. ಮನಸ್ಸು ಇಲ್ಲಿಟ್ಟು ಅಲ್ಲಿ ಕುಂದ್ರಂಗಿಲ್ಲ."

ಅಪ್ಪ ಅಂಗಳಕ್ಕೆ ಹೋಗಿ ಫೋನ್ ಮಾಡಿದ. "ಹುಡುಗಿ ಇನ್ನೂ ಮನಸ್ಸು ಮಾಡಿಲ್ರೀ, ಸಿಟ್ಟಾಗಬ್ಯಾಡ್ರಿ," ಅನ್ನುವುದು ಕೇಳಿಸಿತು. ಒಳಗೆ ಬಂದವನು ನನ್ನ ತಲೆ ಮೇಲೆ ಕೈಯಿಟ್ಟು, ತೆನೆ ಬಿಡಿಸಲು ಕೂತ.

*

ಸೋಮವಾರ ಕನಕಾಂಬರ ಮುಡಿದೆ. ಬಸ್ಸು ಬಂತು. ಹಿಂದಿನ ಸೀಟು ಖಾಲಿ.

ಎರ್ರಮ್ಮ ಜಾಗ ಬಿಟ್ಟಳು. ಜಂಬಯ್ಯ ಸೀಟಿ ಊದಿದ. ಬಸ್ಸು ಹೊರಳಿತು. ನನ್ನ ಕಣ್ಣಿಗೆ ರಸ್ತೆ ಬದಿಯ ಬೇವಿನ ಮರಗಳೆಲ್ಲ ನೀರಿನೊಳಗೆ ನಿಂತ ಹಾಗೆ ಕಂಡವು.

"ಹೋಲ್ಡಾನ್! ಹೋಲ್ಡಾನ್!" ಜಂಬಯ್ಯನೇ ಕೂಗಿದ. "ಸಾಬೂನಿನೋರು ಬಂದ್ರು!"

ಹಟ್ಟಿಯ ದಾರಿಯಿಂದ ಓಡಿ ಬರುತ್ತಿದ್ದ. ಮುಖ ಬಿಸಿಲಿಗೆ ಕರ್ರಗಾಗಿತ್ತು. ಗಡ್ಡ ಬಂದಿತ್ತು. ಹೆಗಲ ಮೇಲೆ ಕಂಬಳಿ. ಹತ್ತಿದ ಕೂಡಲೇ ಬಸ್ಸಿನ ತುಂಬ ಕುರಿ ವಾಸನೆ. ಅಷ್ಟು ಒಳ್ಳೆಯ ವಾಸನೆಯನ್ನು ನಾನು ಹುಟ್ಟಿದಾಗಿನಿಂದ ಮೂಸಿರಲಿಲ್ಲ.

ಎರ್ರಮ್ಮ ಎದ್ದಳು. "ಯಾಕೋ ಈ ಕಿಟಕಿ ಗಾಳಿ ಹೆಚ್ಚಾತು," ಅಂತ ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಅವನು ನಿಂತೇ ಇದ್ದ. ನಾನು ಸರಿದು ಕೂತೆ. ಅವನು ತುದಿಯಲ್ಲಿ ಕೂತ.

"ಎಲ್ಲಿ ಹೋಗಿದ್ರಿ?"

"ಹಡಗಲಿ ಕಡಿ. ಹೊಲದಾಗ ರಾತ್ರಿ ಕುರಿ ತರುಬಿ ನಿಲ್ಲಿಸಿದ್ವು, ಗೊಬ್ಬರಕ್ಕ. ಅಣ್ಣ ಮೈಲಾರೇಶಗ ಗುರುವಾರ ಸಂಜಿಗೆ ಜ್ವರ ಏರಿತು ಅಂತ ಫೋನ್ ಬಂತು. ಕುರಿ ಬಿಟ್ಟು ಬರಾಕ ಬರಂಗಿಲ್ಲಲ್ರೀ. ಈಗ ಹುಷಾರಾಗ್ಯಾನ. ನಿಮಗ ಹೇಳೋಣ ಅಂದ್ರ..."

"ನಂಬರ್ ಇಲ್ಲ."

"ಹ್ಞೂಂ. ಒಂದು ಲೋಕಾನೇ ಕಟ್ಟೀವಿ, ನಂಬರ್ ಕೇಳಿಲ್ಲ." ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ನಿನ್ನೆ... ಬಂದಿದ್ರೇನು ಅವರು?"

"ಇಲ್ಲ. ಬ್ಯಾಡ ಅಂದೆ."

ಅವನ ಕಿವಿ ಕೆಂಪಾಯಿತು. ಬಿಸಿಲಿಗೆ ಅಷ್ಟು ಕರ್ರಗಾದ ಮೇಲೂ ಕೆಂಪಾಗುವುದು ಬಿಡಲಿಲ್ಲ.

"ಹಂಗಾದ್ರ ಬಾಗಿಲು ಇಟ್ರೇನು?"

"ಎಲ್ಲಿ ಇಡೋದು? ಮುಳ್ಳು ನೋಡಿ ಎರಡು ದಿನ ಅತ್ತೆ. ಮನಿ ಬಿಟ್ಟು ಹೋದ್ರಿ ಅನ್ಕೊಂಡೆ."

"ಅಯ್ಯೋ!" ಅವನು ಎದ್ದೇ ಬಿಟ್ಟ. "ಅದು ತೋಳಕ್ಕ ಹಚ್ಚಿದ್ದು ರೀ! ನಿಮಗಲ್ಲ!"

"ಮತ್ತೆ ತೋಳ ಬಂತೇನು ತಮ್ಮಾ?" ಹಿಂದಿನಿಂದ ಎರ್ರಮ್ಮ.

"ಇಲ್ಲಮ್ಮಾ, ಕುಂದ್ರು," ಅಂತ ನಾನೇ ಹೇಳಿದೆ. ಅವನೂ ಕೂತ. ಈ ಸಲ ತುದಿಯಲ್ಲಿ ಕೂರಲಿಲ್ಲ.

"ಬಾಯಿಲೆ ಕೇಳಬೇಕಂತ ಇದ್ದೆ," ದನಿ ತಗ್ಗಿಸಿದ. "ಹಗರಿಬೊಮ್ಮನಹಳ್ಳಿ ಅಂದ ಕೂಡ್ಲೇ ಮಾತೇ ಹೋತು. ಆಟದಾಗಾದ್ರ ಬಲವಂತ ಇರಂಗಿಲ್ಲ ಅಂತ ಬಾಗಿಲು ನಿಮಗ ಬಿಟ್ಟೆ. ನಿಮಗ ಬ್ಯಾಡ ಅನಿಸಿದ್ರ ಮುಳ್ಳು ಹಂಗೇ ಇರ್ತಿತ್ತು, ಮನಿನೂ ಹಂಗೇ ಇರ್ತಿತ್ತು. ಅವ್ವಗ ಹೇಳೇ ಹೋಗಿದ್ದೆ. ನೀವು ಹ್ಞೂಂ ಅಂದ್ರ ಬುಧವಾರ ನಿಮ್ಮ ಮನಿಗೆ ಬರ್ತಾಳ."

ನಾನು ಫೋನ್ ತೆಗೆದೆ. "ಇವತ್ತು ನನ್ನ ಹಾಟ್‌ಸ್ಪಾಟ್. ಬರ್ರಿ ಒಳಗ."

ಅವನ ಗೊಂಬೆ ನನ್ನ ಗುಡ್ಡದ ಮೇಲೆ ಇಳಿಯಿತು. ಬೆಳಗಿನ ಹೊತ್ತು ಅಲ್ಲಿಯೂ. ಅಡಿಗೆಮನೆಯ ದೊಡ್ಡ ಕಿಟಕಿಗೆ ಸೂರ್ಯ ಬಂದಿದ್ದ. ದೊಡ್ಡಿಯಲ್ಲಿ ಸಾಬೂನಿನಂಥ ಕುರಿಗಳು ಮೇಯುತ್ತಿದ್ದವು.

"ಮುಳ್ಳು ನೀವು ತೆಗೀರಿ," ಅಂದೆ. "ಅದು ಗಂಡಸರ ಕೆಲಸ."

ತೆಗೆದ. ಒಂದೊಂದೇ.

ಹೊಸ್ತಿಲ ಎರಡೂ ಕಡೆ ಒಂದೊಂದು ಹಳದಿ ಹೂವು ನೆಟ್ಟೆ, ಅರಿಷಿಣಕ್ಕೆ. ನಡುವೆ ಒಂದು ಕೆಂಪು ಹೂವು ಇಟ್ಟೆ, ಕುಂಕುಮಕ್ಕೆ; ಬಾಗಿಲಿಗೆ ಜಾಗ ಬೇಕಲ್ಲ ಅಂತ ಮತ್ತೆ ತೆಗೆದೆ. ಅವನು ನನ್ನ ಫೋನಿಗೇ ಬಾಗಿ ನೋಡುತ್ತಿದ್ದ.

"ಟೀಚರ್, ಒಂದ್ಸಲ ನನ್ನ ಹೆಸರು ಹಿಡದು ಕರೀರಿ."

"ಕರಿಯಂಗಿಲ್ಲ."

"ಯಾಕ?"

ನಾನು ಅವನನ್ನೇ ನೋಡಿದೆ, ಕಿಟಕಿಯ ಗಾಜಿಲ್ಲದೆ. ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ನಕ್ಕ ನಗು ಇಡೀ ಬಸ್ಸಿಗೆ ಕಂಡಿರಬೇಕು.

ದೊಡ್ಡಿಯ ಕಡೆಯಿಂದ ಗಂಟೆಯ ದನಿ ಬಂತು. ಅವನೇ ಬಾರಿಸಿದ್ದು.

"ಹ್ಞೂಂ," ಅಂದೆ. ಬಾಗಿಲು ನಿಲ್ಲಿಸಿದೆ.